ಮಳೆ-ತಂಪಿನ ಸೀಮೆಯಲ್ಲಿ ದಾಳಿಂಬೆ ಬೇಸಾಯ

ಘಟಪ್ರಭೆಯ ಸೀಮೆಯಲ್ಲಿರುವ ಮೇಲವಂಕಿ ಹಾಗೂ ಅದರ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು, ಗೋವಿನಜೋಳ, ಅರಿಷಿಣ ಇವು ನೀರಾವರಿಯ ಮುಖ್ಯ ಬೆಳೆಗಳು. ಪಕ್ಕದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ದಾಳಿಂಬೆಯಿಂದ ಬಂದ ಹಣವನ್ನು ಕಂಡ ಇಲ್ಲಿಯ ರೈತರೂ ಒಂದೆರಡು ಎಕರೆ ದಾಳಿಂಬೆ ಹಚ್ಚುವ ವಿಚಾರ ಮಾಡುವುದುಂಟು. ಆದರೆ ಗಿಡ ತಂದು ನೆಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ದಾಳಿಂಬೆ ಒಣ ಹವೆಯ ಹಣ್ಣು. ಮಳೆಗಾಲದಲ್ಲಿ ಜಿಟಿಜಿಟಿ ಮಳೆ ಹಿಡಿಯುವ, ಕಾಲುವೆಯ ನೀರಿನಿಂದ ನೆಲವೂ ಗಾಳಿಯೂ ತಂಪಾಗಿರುವ ಜಾಗದಲ್ಲಿ ಅದು ಬಂದೀತೆ? ಬರುವುದಾದರೆ ಯಾವ ಭೂಮಿಯಲ್ಲಿ, ಯಾವ ಹಂಗಾಮಿನಲ್ಲಿ?

ಈ ಪ್ರಶ್ನೆ ಸಣ್ಣದಲ್ಲ. ದಾಳಿಂಬೆ ತೋಟಕ್ಕೆ ಮೊದಲ ಎರಡು ವರ್ಷ ಆದಾಯವಿಲ್ಲ. ಸಸಿ, ಹನಿ ನೀರಾವರಿ, ಗೊಬ್ಬರ, ಆಳಿನ ಕೂಲಿ ಇವೆಲ್ಲಕ್ಕೆ ಕೈಯಿಂದ ಅಥವಾ ಸಾಲದಿಂದ ಹಣ ಹಾಕಬೇಕು. ಮೂರನೆಯ ವರ್ಷ ಕಾಯಿ ಹಿಡಿದಾಗ ರೋಗ ಬಿದ್ದರೆ ಹಾಕಿದ ಹಣವೂ ಹೋಗಿ, ಸಾಲವೂ ಉಳಿಯುತ್ತದೆ.

ದಾಳಿಂಬೆಯ ಸ್ವಭಾವ

ದಾಳಿಂಬೆಯ ಮೂಲ ಇರಾನ್ ದೇಶ ಮತ್ತು ಅದರ ನೆರೆಯ ಪ್ರದೇಶ. ಅಲ್ಲಿ ಬೇಸಿಗೆ ಉರಿಬಿಸಿಲಿನದು, ಚಳಿಗಾಲ ಕೊರೆಯುವಂಥದು. ಎಲೆ ಉದುರಿಸಿ ನಿದ್ರೆಯಲ್ಲಿರುವಾಗ ಈ ಗಿಡ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯಬಲ್ಲದು. ನಮ್ಮ ಜಿಲ್ಲೆಯ ಮಾಗಿಯ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಹಿಮಾಚಲ ಪ್ರದೇಶ, ಜಮ್ಮು ಮೊದಲಾದ ಕಡೆ ಬೆಟ್ಟದ ಇಳಿಜಾರುಗಳಲ್ಲಿ 'ದಾಡು' ಎಂಬ ಹುಳಿ ದಾಳಿಂಬೆ ಕಾಡುಗಿಡವಾಗಿಯೇ ಬೆಳೆಯುತ್ತದೆ. ಅದರ ಕಾಳನ್ನು ಒಣಗಿಸಿ 'ಅನಾರದಾನಾ' ಮಾಡುತ್ತಾರೆ. ಇಂಗ್ಲೆಂಡಿನಂಥ ತಂಪು ದೇಶದಲ್ಲಿಯೂ ದಕ್ಷಿಣಕ್ಕೆ ಮುಖವಾದ ಗೋಡೆಯ ಬದಿಗೆ ದಾಳಿಂಬೆ ಬದುಕಿ ಹೂ ಬಿಡುತ್ತದೆ. ಆದರೆ ಅಲ್ಲಿ ಬೇಸಿಗೆಯ ಬಿಸಿಲು ಸಾಲದೆ ಹಣ್ಣು ಪಕ್ವವಾಗುವುದು ಅಪರೂಪ.

ಇದರಿಂದ ತಿಳಿಯುವುದೇನೆಂದರೆ, ತಂಪಿನಿಂದ ದಾಳಿಂಬೆ ಗಿಡಕ್ಕೆ ಆಗುವ ಕೇಡು ಕಡಿಮೆ. ಕೇಡು ಬರುವುದು ಮೂರು ದಾರಿಯಿಂದ. ಒಂದು, ಬೇರಿನಲ್ಲಿ ನೀರು ನಿಲ್ಲುವುದು. ಎರಡು, ಹವೆ ಬೆಚ್ಚಗಿರುವಾಗ ಎಲೆ, ಹೂ, ಕಾಯಿಗಳು ಬಹಳ ಹೊತ್ತು ಒದ್ದೆಯಾಗಿರುವುದು. ಮೂರು, ಕಾಯಿ ಬಲಿಯುವ ಕಾಲಕ್ಕೆ ಮಳೆ ಬಿದ್ದು ಸಿಪ್ಪೆ ಒಡೆಯುವುದು, ಬಣ್ಣ ಮತ್ತು ಸಿಹಿ ತಗ್ಗುವುದು. ಈ ಮೂರನ್ನೂ ತಪ್ಪಿಸಲು ಬಂದರೆ ಮಾತ್ರ ಮಳೆ-ತಂಪಿನ ಸೀಮೆಯಲ್ಲಿ ದಾಳಿಂಬೆ ಹಚ್ಚಬಹುದು.

ಈ ಸೀಮೆಯ ಮಳೆ

ಬೆಳಗಾವಿ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಬೇಗ ಬೇಗ ಕಡಿಮೆಯಾಗುತ್ತದೆ. ಖಾನಾಪುರದ ಪಶ್ಚಿಮ ಭಾಗದಲ್ಲಿ ಮಲೆನಾಡಿನ ಮಳೆ. ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ, ಸಂಕೇಶ್ವರದ ಕಡೆ ಆರಿದ್ರಾದಿಂದ ಆಶ್ಲೇಷಾವರೆಗೆ ಮೋಡ ಕವಿದು ತುಂತುರು ಹಿಡಿಯುತ್ತದೆ. ಗೋಕಾಕ ತಾಲ್ಲೂಕು ಮಳೆ ನೆರಳಿನ ಪ್ರದೇಶಕ್ಕೆ ಸೇರಿದ್ದು, ವರ್ಷಕ್ಕೆ ಸುಮಾರು 500ರಿಂದ 600 ಮಿ.ಮೀ. ಮಳೆ ಕಾಣುತ್ತದೆ. ಇಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಮೋಡ ಮತ್ತು ತಂಪು ಹೆಚ್ಚು, ಮಳೆಯ ಪ್ರಮಾಣ ಕಡಿಮೆ. ಜೋರು ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲ ಭಾಗದಲ್ಲಿ, ಅಂದರೆ ಉತ್ತರಾ, ಹಸ್ತಾ ಮಳೆಗಳಲ್ಲಿ.

ಮಳೆಯ ಅಂಕಿ ನೋಡಿದರೆ ಮೇಲವಂಕಿ ಒಣ ಸೀಮೆಯೇ ಹೌದು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೆಗೆದಂದಿನಿಂದ, ಮುಂದೆ ಹಿಡಕಲ್ ಜಲಾಶಯ ಆದಂದಿನಿಂದ ಈ ಭಾಗದ ನೆಲದ ಗುಣ ಬದಲಾಗಿದೆ. ಕಾಲುವೆಯ ಕೆಳಗಿನ ಎರೆ ಭೂಮಿಯಲ್ಲಿ ಬಸಿ ನೀರು ಏರಿ ಸವಳು-ಜವಳು ಆದ ಹೊಲಗಳಿವೆ. ಸುತ್ತಲೂ ಆಳೆತ್ತರದ ಕಬ್ಬು ನಿಂತಾಗ ಗಾಳಿಯಾಡದೆ ಹೊಲದ ಹವೆ ತೇವದಿಂದ ಕೂಡಿರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಹರಿದಾಗ ದಂಡೆಯ ಹೊಲಗಳಲ್ಲಿ ನೀರು ನಿಂತದ್ದನ್ನು ಎಲ್ಲರೂ ಬಲ್ಲರು. ಆದುದರಿಂದ ಇಲ್ಲಿಯ ರೈತನು ಮಳೆಯ ಲೆಕ್ಕವನ್ನಷ್ಟೇ ನೋಡದೆ ತನ್ನ ಹೊಲದ ತೇವದ ಲೆಕ್ಕವನ್ನು ನೋಡಬೇಕು.

ನೆರೆ ಜಿಲ್ಲೆಗಳ ಪಾಠ

ದಾಳಿಂಬೆಯ ಎರಡು ದೊಡ್ಡ ರೋಗಗಳ ಪೆಟ್ಟನ್ನು ಉತ್ತರ ಕರ್ನಾಟಕದ ರೈತರು ಉಂಡಿದ್ದಾರೆ. 1990ರ ಸುಮಾರಿಗೆ ಅಂದಿನ ಬಿಜಾಪುರ ಜಿಲ್ಲೆಯಲ್ಲಿ ಗಿಡಗಳು ಒಂದೊಂದು ಕೊಂಬೆಯಿಂದ ಹಳದಿಯಾಗಿ ಬಾಡಿ ಸಾಯುವುದು ಕಂಡುಬಂದಿತು. ಇದು ಸೆರಟೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗವೆಂದು ಬಳಿಕ ತಿಳಿಯಿತು.

ಎರಡನೆಯದು ದುಂಡಾಣು ಅಂಗಮಾರಿ. ಈ ರೋಗವು 1952ರಲ್ಲಿ ದೆಹಲಿಯಿಂದ, 1959ರಲ್ಲಿ ಬೆಂಗಳೂರಿನಿಂದ ವರದಿಯಾಗಿತ್ತು. ಬಹಳ ಕಾಲ ಸಣ್ಣ ರೋಗವಾಗಿಯೇ ಇದ್ದ ಇದು 2000ರ ನಂತರದ ವರ್ಷಗಳಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ತೋಟಗಳಿಗೆ ಹರಡಿ, ರೈತರು ಫಲ ಕೊಡುವ ಗಿಡಗಳನ್ನೇ ಕಿತ್ತು ಸುಡುವಂತಾಯಿತು. ಸೊಲ್ಲಾಪುರದ ಕಡೆ ಇದಕ್ಕೆ 'ತೇಲ್ಯಾ' ಎನ್ನುತ್ತಾರೆ; ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂತೆ ಚುಕ್ಕೆ ಕಾಣುವುದರಿಂದ ಈ ಹೆಸರು. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು.

ಒಣ ಜಿಲ್ಲೆಗಳಲ್ಲಿಯೇ ಈ ಗತಿಯಾದರೆ ತೇವದ ಸೀಮೆಯಲ್ಲಿ ಹೇಗೆ ಎಂಬ ಅಂಜಿಕೆ ಸಹಜ. ಆದರೆ ಆ ತೋಟಗಳು ಕೆಟ್ಟ ರೀತಿಯನ್ನು ನೋಡಿದರೆ ಕಾರಣಗಳು ತಿಳಿಯುತ್ತವೆ: ರೋಗದ ತೋಟದಿಂದ ತಂದ ಗೂಟಿ ಸಸಿ, ಒತ್ತಾದ ನಾಟಿ, ಮಳೆಗಾಲದ ಬಹಾರ, ಕತ್ತರಿಸಿದ ಕಡ್ಡಿಗಳನ್ನು ತೋಟದಲ್ಲಿಯೇ ಬಿಡುವುದು. ಈ ನಾಲ್ಕೂ ರೈತನ ಕೈಯಲ್ಲಿರುವ ಮಾತುಗಳು.

ಭೂಮಿಯ ಆಯ್ಕೆ

ನೀರು ಬೇಗ ಬಸಿದು ಹೋಗುವ ಗರಸು ಮಿಶ್ರಿತ ಮಸಾರಿ ಭೂಮಿ, ಮರಡಿಯ ಇಳಿಜಾರು ದಾಳಿಂಬೆಗೆ ಉತ್ತಮ. ಕಬ್ಬಿಗೆ ಹಗುರವೆಂದು ಬಿಟ್ಟ ಭೂಮಿಯೇ ದಾಳಿಂಬೆಗೆ ಒಳ್ಳೆಯದಾಗಬಹುದು. ಆಳವಾದ ಎರೆ ಭೂಮಿ, ನದಿ ದಂಡೆಯ ತಗ್ಗು ಹೊಲ, ಕಾಲುವೆಯ ಕೆಳಗಿನ ಜವಳು ಹೊಲ ಇವುಗಳಲ್ಲಿ ದಾಳಿಂಬೆ ಹಚ್ಚಬಾರದು.

ಸಂಶಯವಿದ್ದಲ್ಲಿ ಒಂದು ಸುಲಭ ಪರೀಕ್ಷೆ ಮಾಡಬಹುದು. ಆಗಸ್ಟ್ ಇಲ್ಲವೆ ಸೆಪ್ಟೆಂಬರ್ ತಿಂಗಳಲ್ಲಿ, ನೆಲ ಚೆನ್ನಾಗಿ ತೊಯ್ದಿರುವಾಗ, ಹೊಲದ ನಾಲ್ಕಾರು ಕಡೆ ಮೂರು ಅಡಿ ಆಳದ ಗುಂಡಿ ತೋಡಿ ನೀರು ತುಂಬಬೇಕು. ಮರುದಿನ ಅದೇ ಹೊತ್ತಿಗೆ ನೀರು ಪೂರ್ಣ ಇಂಗಿದ್ದರೆ ಭೂಮಿ ಯೋಗ್ಯ. ಎರಡನೆಯ ದಿನವೂ ನೀರು ನಿಂತಿದ್ದರೆ, ಅಥವಾ ನೀರು ಹಾಕುವ ಮೊದಲೇ ಗುಂಡಿಯ ತಳದಲ್ಲಿ ನೀರು ಒಸರಿದರೆ, ಅಲ್ಲಿ ದಾಳಿಂಬೆಯ ವಿಚಾರ ಬಿಡುವುದೇ ಮೇಲು. ಬೇಸಿಗೆಯಲ್ಲಿ ಮಾಡಿದ ಪರೀಕ್ಷೆ ಮೋಸ ಮಾಡುತ್ತದೆ. ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಲವಣ ಮತ್ತು ಸುಣ್ಣದ ಅಂಶವನ್ನು ತಿಳಿದುಕೊಳ್ಳಬೇಕು.

ತೋಟದ ಪಡುವಣ ದಿಕ್ಕಿಗೆ ಕಬ್ಬು ಇದ್ದರೆ ನಡುವೆ ಕನಿಷ್ಠ 15ರಿಂದ 20 ಅಡಿ ಬಯಲು ಬಿಡಬೇಕು. ಮಳೆಗಾಲದ ಗಾಳಿ ಆ ಕಡೆಯಿಂದಲೇ ಬೀಸುವುದು. ಗಾಳಿ ಹಾಯ್ದರೆ ಮಳೆ ನಿಂತ ಮೇಲೆ ಎಲೆಗಳು ಬೇಗ ಒಣಗುತ್ತವೆ. ಕಬ್ಬಿನ ಹೊಲದಿಂದ ನೀರು ಬಸಿದು ಬರದಂತೆ ಗಡಿಯಲ್ಲಿ ಮೂರು ಅಡಿ ಆಳದ ಬಸಿಗಾಲುವೆ ತೆಗೆಯಬೇಕು.

ತಳಿಗಳು ಮತ್ತು ಸಸಿಗಳು

ಪುಣೆಯಲ್ಲಿ ಡಾ. ಜಿ. ಎಸ್. ಚೀಮಾ ಅವರು ಆಳಂದಿ ದಾಳಿಂಬೆಯಿಂದ ಆರಿಸಿದ 'ಗಣೇಶ' ತಳಿ ಬಹುಕಾಲ ಮುಂಚೂಣಿಯಲ್ಲಿತ್ತು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ರೂಬಿ', ಮಹಾರಾಷ್ಟ್ರದ ರಾಹುರಿ ವಿಶ್ವವಿದ್ಯಾಲಯದ 'ಮೃದುಲಾ', 'ಭಗವಾ' ಆಮೇಲೆ ಬಂದವು. ಇಂದು ಹೆಚ್ಚಿನ ತೋಟಗಳಲ್ಲಿರುವುದು ಭಗವಾ. ನಮ್ಮಲ್ಲಿ ಇದನ್ನು 'ಕೇಸರ' ಎಂದೂ ಕರೆಯುತ್ತಾರೆ. ಇದರ ಸಿಪ್ಪೆ ದಪ್ಪ, ಬಣ್ಣ ಕೆಂಪು, ದೂರದ ಪೇಟೆಗೆ ಕಳಿಸಲು ಯೋಗ್ಯ. ಬೇಸಾಯದಲ್ಲಿರುವ ಈ ಯಾವ ತಳಿಯೂ ದುಂಡಾಣು ಅಂಗಮಾರಿಯನ್ನು ತಡೆಯಲಾರದು. 'ರೋಗವೇ ಬರದ ತಳಿ' ಎಂದು ಹೇಳಿ ಸಸಿ ಮಾರುವವರ ಮಾತು ನಂಬಬಾರದು.

ಸಸಿಯ ಆಯ್ಕೆಯಲ್ಲಿ ಮಾಡಿದ ತಪ್ಪು ತೋಟ ಇರುವವರೆಗೂ ಕಾಡುತ್ತದೆ. ರೋಗದ ದುಂಡಾಣು ಕಣ್ಣಿಗೆ ಕಾಣದೆ ಗೂಟಿ ಸಸಿಯ ಜೊತೆ ಬರುತ್ತದೆ. ಸಸಿ ಕೊಳ್ಳುವ ಮೊದಲು ತಾಯಿ ತೋಟವನ್ನು ಮಳೆಗಾಲದಲ್ಲಿಯೇ ಹೋಗಿ ನೋಡಬೇಕು. ಎಲೆಯನ್ನು ಬೆಳಕಿಗೆ ಹಿಡಿದಾಗ ನೀರು ತುಂಬಿದಂತಹ ಚುಕ್ಕೆ, ಗೆಣ್ಣಿನಲ್ಲಿ ಕಪ್ಪಾಗಿ ಸೀಳಿದ ಗಾಯ ಕಂಡಲ್ಲಿ ಆ ಸಸಿ ಬೇಡ. ನಂಬಿಕೆಯ ಮೂಲದಿಂದ ಬಂದ ಅಂಗಾಂಶ ಕೃಷಿಯ ಸಸಿಗಳು ದೊರೆತರೆ ಬೆಲೆ ಹೆಚ್ಚಾದರೂ ಅವೇ ಲೇಸು.

ನಾಟಿ

ಒಣ ಸೀಮೆಯಲ್ಲಿ ಸಾಲಿನಿಂದ ಸಾಲಿಗೆ 4.5 ಮೀಟರ್, ಗಿಡದಿಂದ ಗಿಡಕ್ಕೆ 3 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 300 ಗಿಡ ನೆಡುವುದು ರೂಢಿ. ತೇವ ಹೆಚ್ಚಿರುವ ಕಡೆ 5 ಮೀಟರ್ ಮತ್ತು 4 ಮೀಟರ್ ಅಂತರ ಕೊಟ್ಟು ಎಕರೆಗೆ 200 ಗಿಡ ನೆಡುವುದು ಒಳ್ಳೆಯದು. ನೂರು ಗಿಡ ಕಡಿಮೆಯಾದವೆಂದು ಚಿಂತಿಸಬೇಕಿಲ್ಲ. ಒತ್ತಾಗಿ ಬೆಳೆದ ಗಿಡಗಳು ಒಂದರ ಎಲೆ ಇನ್ನೊಂದಕ್ಕೆ ತಾಗಿ ರೋಗವನ್ನು ಕೈಯಿಂದ ಕೈಗೆ ಕೊಟ್ಟಂತೆ ಕೊಡುತ್ತವೆ.

ಸಮತಟ್ಟು ಹೊಲದಲ್ಲಿ ಗುಂಡಿಯಲ್ಲಿ ನೆಡುವ ಬದಲು ಏರುಮಡಿಯ ಮೇಲೆ ನೆಡಬೇಕು. ಮೇಲ್ಮಣ್ಣನ್ನು ಎಳೆದು ಒಂದೂವರೆಯಿಂದ ಎರಡು ಅಡಿ ಎತ್ತರ, ಮೂರರಿಂದ ನಾಲ್ಕು ಅಡಿ ಅಗಲದ ಉದ್ದನೆಯ ಬೋದು ಮಾಡಿ, ಅದರ ಮೇಲೆ ಗಿಡ ನಿಲ್ಲಿಸಬೇಕು. ಬೋದುಗಳು ಇಳಿಜಾರಿನ ಕಡೆಗೆ ಸಾಗಿ ಬಸಿಗಾಲುವೆಗೆ ಕೂಡುವಂತಿರಬೇಕು. ಪ್ರತಿ ಗಿಡಕ್ಕೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕಿ.ಗ್ರಾಂ ಬೇವಿನ ಹಿಂಡಿ ಮತ್ತು 25 ಗ್ರಾಂ ಟ್ರೈಕೋಡರ್ಮಾ ಬೆರೆಸಿ ಮಣ್ಣಿಗೆ ಸೇರಿಸಬೇಕು. ಬುಡದಿಂದ ಮೂರು ಅಥವಾ ನಾಲ್ಕು ಕಾಂಡ ಮಾತ್ರ ಬಿಟ್ಟು ಉಳಿದ ಚಿಗುರುಗಳನ್ನು ತೆಗೆಯುತ್ತಿರಬೇಕು. ನೆಲದಿಂದ ಒಂದೂವರೆ ಅಡಿಯವರೆಗೆ ಕೊಂಬೆ ಇರಬಾರದು. ಮಳೆ ಹನಿ ನೆಲಕ್ಕೆ ಬಿದ್ದು ಸಿಡಿದ ಕೆಸರು ಎಲೆಗೆ ತಾಗದಿರಲೆಂದು ಈ ಕ್ರಮ.

ಎಳೆಯ ತೋಟದಲ್ಲಿ ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳನ್ನು ಮಿಶ್ರ ಬೆಳೆಯಾಗಿ ಹಾಕಬಾರದು. ಇವು ಬೇರುಗಂಟು ಜಂತುಗಳನ್ನು ಹೆಚ್ಚಿಸುತ್ತವೆ. ಚೆಂಡುಹೂ ಹಾಕುವುದರಿಂದ ಜಂತು ಕಡಿಮೆಯಾಗಿ ಕೈಗೆ ನಾಲ್ಕು ಕಾಸೂ ಬರುತ್ತದೆ.

ಬಹಾರದ ಆಯ್ಕೆ

ಮಳೆ-ತಂಪಿನ ಸೀಮೆಯ ದಾಳಿಂಬೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನಮ್ಮ ಹವೆಯಲ್ಲಿ ದಾಳಿಂಬೆ ವರ್ಷದಲ್ಲಿ ಮೂರು ಸಲ ಹೂ ಬಿಡಬಲ್ಲದು. ಅದರಲ್ಲಿ ಯಾವ ಹೂವನ್ನು ಇಟ್ಟುಕೊಳ್ಳಬೇಕೆಂಬುದನ್ನು ರೈತನೇ ನಿರ್ಧರಿಸಬಹುದು. ಹೂವಿನಿಂದ ಹಣ್ಣಿಗೆ ಐದರಿಂದ ಆರು ತಿಂಗಳು ಬೇಕು.

ಮೃಗ ಬಹಾರ: ಜೂನ್–ಜುಲೈಯಲ್ಲಿ ಹೂ, ಡಿಸೆಂಬರ್–ಜನವರಿಯಲ್ಲಿ ಹಣ್ಣು. ನೀರಿನ ಖರ್ಚು ಕಡಿಮೆಯೆಂದು ಬಹಳ ಜನ ಇದನ್ನೇ ಹಿಡಿಯುತ್ತಾರೆ. ಆದರೆ ಎಳೆ ಚಿಗುರು, ಹೂ, ಮಿಡಿ ಎಲ್ಲವೂ ಮಳೆಗೆ ಸಿಗುತ್ತವೆ. ಉತ್ತರಾ, ಹಸ್ತಾ ಮಳೆಗಳು ನಿಂಬೆ ಗಾತ್ರದ ಕಾಯಿಯ ಮೇಲೆ ಬೀಳುತ್ತವೆ. ಈ ಸೀಮೆಯಲ್ಲಿ ಮೃಗ ಬಹಾರ ಬೇಡ.

ಅಂಬೆ ಬಹಾರ: ಮಾವು ಹೂ ಬಿಡುವ ಕಾಲದ ಬಹಾರವಾದ್ದರಿಂದ ಈ ಹೆಸರು. ಜನವರಿ–ಫೆಬ್ರುವರಿಯಲ್ಲಿ ಹೂ, ಜೂನ್‌ನಿಂದ ಆಗಸ್ಟ್‌ವರೆಗೆ ಹಣ್ಣು. ಹೂ ಮತ್ತು ಮಿಡಿಗೆ ಒಣ ಹವೆ ಸಿಗುತ್ತದೆ. ಆದರೆ ಬಲಿತ ಕಾಯಿಯ ಮೇಲೆ ಮಳೆ ಬಿದ್ದು ಒಡೆಯುತ್ತದೆ. ಬಯಲು ಸೀಮೆಗೆ ಇದು ನಡೆದೀತು; ಹುಕ್ಕೇರಿಯ ಪಶ್ಚಿಮ ಭಾಗಕ್ಕೆ ಹೊಂದದು.

ಹಸ್ತ ಬಹಾರ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ನಲ್ಲಿ ಹೂ, ಮಾರ್ಚ್–ಏಪ್ರಿಲ್‌ನಲ್ಲಿ ಹಣ್ಣು. ಕಾಯಿ ಬೆಳೆಯುವ ಕಾಲವೆಲ್ಲ ಚಳಿ ಮತ್ತು ಒಣ ಹವೆ. ದುಂಡಾಣುವಿಗೆ ಬೆಚ್ಚಗಿನ ಹವೆ, ಅದರಲ್ಲೂ 30 ಡಿಗ್ರಿ ಸೆಲ್ಸಿಯಸ್ ಸುಮಾರಿನ ಉಷ್ಣತೆ ಮತ್ತು ಒದ್ದೆ ಎಲೆ ಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ಅವೆರಡೂ ಅದಕ್ಕೆ ದೊರೆಯವು. ಅಂಗಮಾರಿ ಇರುವ ಪ್ರದೇಶಗಳಿಗೆ ಹಸ್ತ ಬಹಾರವನ್ನೇ ತಜ್ಞರು ಸೂಚಿಸುತ್ತಾರೆ.

ಮೇಲವಂಕಿ ಸೀಮೆಯಲ್ಲಿ ಇದರೊಳಗೂ ಒಂದು ತಿದ್ದುಪಡಿ ಬೇಕು. ಇಲ್ಲಿ ಹಸ್ತಾ ಮಳೆಯೇ ಜೋರು. ಆದ್ದರಿಂದ ಚಾಟ್ನಿಯನ್ನು ಸ್ವಲ್ಪ ತಡಮಾಡಿ, ಮಳೆ ಇಳಿಮುಖವಾದ ಮೇಲೆ, ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದೊಳಗೆ ಮಾಡಬೇಕು. ಆಗ ಹೂ ನವೆಂಬರ್‌ನಲ್ಲಿ ಬಂದು ಹಣ್ಣು ಏಪ್ರಿಲ್ ಕೊನೆ, ಮೇ ತಿಂಗಳಿಗೆ ಸಿಗುತ್ತದೆ. ಚಿತ್ತಾ ಮಳೆ ಮುಗಿದ ಮೇಲೆ ಚಾಟ್ನಿ ಮಾಡಿದರೆ ಹಣ್ಣು ಮುಂಗಾರಿಗೆ ಸಿಗುವ ಭಯವಿದೆ. ಅಂಥ ವರ್ಷ ಕಾಯಿ ಬಿಡದೆ ಗಿಡಕ್ಕೆ ವಿಶ್ರಾಂತಿ ಕೊಡುವುದು ಜಾಣತನ.

ಹಸ್ತ ಬಹಾರಕ್ಕೆ ಬೇಸಿಗೆಯ ನೀರು ಕಡ್ಡಾಯ. ಬಲಿತ ಗಿಡಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು 40 ಲೀಟರ್ ಬೇಕೆಂದರೂ 200 ಗಿಡಕ್ಕೆ ದಿನಕ್ಕೆ 8,000 ಲೀಟರ್ ಆಯಿತು. ಬೇಸಿಗೆಯಲ್ಲಿ ಕಾಲುವೆಯನ್ನು ನಂಬಲಾಗದು. ಬಾವಿ, ಕೊಳವೆಬಾವಿ ಅಥವಾ ಕೃಷಿಹೊಂಡದಿಂದ ಇಷ್ಟು ನೀರು ಮೇ ತಿಂಗಳವರೆಗೆ ದೊರೆಯುವ ಖಾತ್ರಿ ಇದ್ದವರು ಮಾತ್ರ ಈ ಬಹಾರ ಹಿಡಿಯಬೇಕು.

ವಿಶ್ರಾಂತಿ ಮತ್ತು ಚಾಟ್ನಿ

ಹಣ್ಣು ಕಿತ್ತ ಮೇಲೆ ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ ಬೇಕು. ಹಸ್ತ ಬಹಾರದಲ್ಲಿ ಈ ವಿಶ್ರಾಂತಿ ಮಳೆಗಾಲಕ್ಕೆ ಹೊಂದಿ ಬರುತ್ತದೆ. ಮಳೆಗಾಲದಲ್ಲಿ ಬಂದ ಹೂಗಳನ್ನೆಲ್ಲ ಚಿವುಟಿ ತೆಗೆಯಬೇಕು. 'ಬಂದದ್ದು ಬರಲಿ' ಎಂದು ಬಿಟ್ಟ ಹತ್ತು ಕಾಯಿಗಳೇ ರೋಗದ ಬೀಜವನ್ನು ಮುಂದಿನ ಬಹಾರಕ್ಕೆ ದಾಟಿಸುತ್ತವೆ. ಈ ಕಾಲದಲ್ಲಿ ತೋಟ ಮರೆತು ಕೂಡದೆ, ಮಳೆ ಬಿಡುವು ಕೊಟ್ಟಾಗ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಇದಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತವನ್ನು ಪ್ಲಾಸ್ಟಿಕ್ ಇಲ್ಲವೆ ಮಣ್ಣಿನ ಪಾತ್ರೆಯಲ್ಲಿ ಕರಗಿಸಬೇಕು. ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಅದರ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೆರೆಸಬೇಕು. ದ್ರಾವಣವನ್ನು ಆ ದಿನವೇ ಮುಗಿಸಬೇಕು.

ಬಹಾರಕ್ಕೆ ಮೊದಲು ನೀರು ನಿಲ್ಲಿಸಿ ಗಿಡವನ್ನು ಸೊರಗಿಸುವುದು ರೂಢಿ. ಮಳೆ ಇರುವಾಗ ಇದು ಪೂರ್ಣ ಸಾಧ್ಯವಾಗದು. ಗಿಡ ಎಲೆ ಉದುರಿಸದೆ ಹಸಿರಾಗಿಯೇ ನಿಲ್ಲುತ್ತದೆ. ಆಗ ಹಗುರ ಚಾಟ್ನಿ ಮಾಡಿ ಎಥ್ರೆಲ್ (ಶೇ. 39) ಲೀಟರ್ ನೀರಿಗೆ 1ರಿಂದ 2 ಮಿ.ಲೀ., ಅದರೊಡನೆ 5 ಗ್ರಾಂ ಡಿಎಪಿ ಬೆರೆಸಿ ಸಿಂಪಡಿಸಿದರೆ ಎಲೆಗಳು ಉದುರುತ್ತವೆ. ಪ್ರಮಾಣ ಮೀರಿದರೆ ಕಡ್ಡಿಗಳೇ ಒಣಗುತ್ತವೆ. ಮೊದಲ ಸಲ ಮಾಡುವವರು ನಾಲ್ಕಾರು ಗಿಡಗಳ ಮೇಲೆ ಪ್ರಯೋಗಿಸಿ ನೋಡಿ ಮುಂದುವರಿಯಬೇಕು.

ಚಾಟ್ನಿಯಲ್ಲಿ ಗಿಡದ ನಡುಭಾಗ ತೆರವಾಗಿ ಬಿಸಿಲು, ಗಾಳಿ ಹಾಯುವಂತಿರಬೇಕು. ಒಣ ಕಡ್ಡಿ, ಗೆಣ್ಣಿನಲ್ಲಿ ಗಾಯವಿರುವ ಕಡ್ಡಿಗಳನ್ನು ಗಾಯಕ್ಕಿಂತ ಎರಡು ಅಂಗುಲ ಕೆಳಗೆ ಕತ್ತರಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಕತ್ತರಿಯನ್ನು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಚಾಟ್ನಿಯ ಆಳುಗಳು ಬೇರೆ ತೋಟದಿಂದ ಬಂದವರಾದರೆ ಅವರ ಕತ್ತರಿ ತೊಳೆಯದೆ ಒಳಗೆ ಬಿಡಬಾರದು. ದಪ್ಪ ಗಾಯಗಳಿಗೆ ಶೇ. 10ರ ಬೋರ್ಡೋ ಮುಲಾಮು ಹಚ್ಚಬೇಕು. ಕತ್ತರಿಸಿದ ಕಡ್ಡಿ, ಬಿದ್ದ ಎಲೆ, ಒಣಗಿದ ಕಾಯಿಗಳನ್ನು ಅದೇ ದಿನ ಗುಡಿಸಿ ತೋಟದ ಹೊರಗೆ ಸುಡಬೇಕು. ಇವುಗಳಲ್ಲಿ ದುಂಡಾಣು ಹಲವು ತಿಂಗಳು ಜೀವದಿಂದಿರುತ್ತದೆ. ಬಳಿಕ ಲೀಟರ್ ನೀರಿಗೆ 25 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಗಿಡದ ಕೆಳಗಿನ ನೆಲಕ್ಕೆ ಸಿಂಪಡಿಸಿ, ಗಿಡಗಳಿಗೆ ಬೋರ್ಡೋ ಹೊಡೆಯಬೇಕು.

ಹೂ, ಕಾಯಿ ಬಂದ ಮೇಲೆ ಅಕಾಲ ಮಳೆ ಬಿದ್ದರೆ ಬೋರ್ಡೋ ಬದಲು ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ಸಿಂಪಡಿಸಬಹುದು. ಪ್ರತಿಜೈವಿಕ ಔಷಧಿಗಳನ್ನು ಪದೇಪದೇ ಹೊಡೆಯುವುದು ಸರಿಯಲ್ಲ. ದುಂಡಾಣು ಅವಕ್ಕೆ ಒಗ್ಗಿಕೊಳ್ಳುತ್ತದೆ. ತೋಟಗಾರಿಕೆ ಇಲಾಖೆಯ ಸಲಹೆ ಇಲ್ಲದೆ ಅವುಗಳನ್ನು ಬಳಸಬಾರದು.

ಗೊಬ್ಬರ, ನೀರು ಮತ್ತು ಕಾಯಿ ಒಡೆಯುವುದು

ಐದು ವರ್ಷ ತುಂಬಿದ ಗಿಡಕ್ಕೆ ವರ್ಷಕ್ಕೆ 25ರಿಂದ 30 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ, 625 ಗ್ರಾಂ ಸಾರಜನಕ, 250 ಗ್ರಾಂ ರಂಜಕ, 250 ಗ್ರಾಂ ಪೊಟ್ಯಾಷ್ ಬೇಕಾಗುತ್ತದೆ. ಮಣ್ಣು ಪರೀಕ್ಷೆ ನೋಡಿ ಇದನ್ನು ಹೆಚ್ಚು ಕಡಿಮೆ ಮಾಡಬೇಕು. ಸಾರಜನಕವನ್ನು ಒಮ್ಮೆಲೇ ಕೊಡಬಾರದು. ಹನಿ ನೀರಿನೊಡನೆ ಅನೇಕ ಕಂತುಗಳಲ್ಲಿ ಕೊಡಬೇಕು. ವಿಶ್ರಾಂತಿಯ ಮಳೆಗಾಲದಲ್ಲಿ ಯೂರಿಯಾ ಹಾಕಿದರೆ ಮೆತ್ತಗಿನ ಚಿಗುರು ಹೊಮ್ಮಿ ರೋಗಕ್ಕೆ ಆಹಾರವಾಗುತ್ತದೆ. ಕಬ್ಬಿಗೆ ಯೂರಿಯಾ ಚೆಲ್ಲುವ ರೂಢಿಯನ್ನು ದಾಳಿಂಬೆಗೆ ತರಬಾರದು.

ಕಾಯಿ ಒಡೆಯಲು ನೀರಿನ ಏರುಪೇರೇ ಮುಖ್ಯ ಕಾರಣ. ಒಣಗಿಸಿ ಒಣಗಿಸಿ ಒಮ್ಮೆಲೇ ನೀರು ಬಿಟ್ಟಾಗ ಒಳಗಿನ ಕಾಳು ಉಬ್ಬುತ್ತದೆ, ಗಡುಸಾದ ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ಆದುದರಿಂದ ಕಾಯಿ ಹಿಡಿದಂದಿನಿಂದ ಕೀಳುವವರೆಗೆ ಸಮನಾಗಿ ನೀರು ಕೊಡಬೇಕು. ಬೋರಾನ್ ಕೊರತೆಯಿಂದಲೂ ಕಾಯಿ ಒಡೆಯುವುದುಂಟು. ಲೀಟರಿಗೆ 2 ಗ್ರಾಂ ಬೋರಿಕ್ ಆಮ್ಲ ಸಿಂಪಡಿಸಿದರೆ ಅನುಕೂಲ. ಮೂರನೆಯ ವರ್ಷ ಗಿಡಕ್ಕೆ 40ಕ್ಕಿಂತ ಹೆಚ್ಚು, ಬಲಿತ ಗಿಡಕ್ಕೆ 80ಕ್ಕಿಂತ ಹೆಚ್ಚು ಕಾಯಿ ಬಿಡಬಾರದು. ಏಪ್ರಿಲ್ ಬಿಸಿಲಿಗೆ ಕಾಯಿ ಸುಡದಂತೆ ಪಡುವಣ ಮಗ್ಗುಲಿನ ಕಾಯಿಗಳಿಗೆ ಚೀಲ ಕಟ್ಟಬೇಕು. ಇದರಿಂದ ಹಣ್ಣು ಕೊರೆಯುವ ಹುಳುವಿನ ಕಾಟವೂ ತಗ್ಗುತ್ತದೆ.

ಸೊರಗು ರೋಗ

ತೇವದ ಭೂಮಿಯಲ್ಲಿ ಈ ರೋಗದ ಮೇಲೆ ಸದಾ ಕಣ್ಣಿಡಬೇಕು. ಒಂದು ಕೊಂಬೆ ಹಳದಿಯಾದ ಕೂಡಲೇ ಬುಡದ ಕಾಂಡವನ್ನು ಸೀಳಿ ನೋಡಿದಾಗ ಒಳಗೆ ಕಂದು-ಬೂದು ಬಣ್ಣದ ಗೆರೆ ಕಂಡರೆ ರೋಗ ಖಚಿತ. ಪ್ರೊಪಿಕೊನಜೋಲ್ ಲೀಟರಿಗೆ 2 ಮಿ.ಲೀ. ಬೆರೆಸಿದ ದ್ರಾವಣವನ್ನು ರೋಗದ ಗಿಡಕ್ಕೂ, ಅದರ ಸುತ್ತಲಿನ ಆರೋಗ್ಯದ ಗಿಡಗಳಿಗೂ 8ರಿಂದ 10 ಲೀಟರಿನಂತೆ ಬುಡಕ್ಕೆ ಹಾಕಬೇಕು. ಪೂರ್ಣ ಒಣಗಿದ ಗಿಡವನ್ನು ಬೇರುಸಹಿತ ಕಿತ್ತು ಅಲ್ಲಿಯೇ ಸುಡಬೇಕು. ಕಿತ್ತ ಗಿಡವನ್ನು ಉಳಿದ ಸಾಲುಗಳ ನಡುವೆ ಎಳೆದೊಯ್ದರೆ ರೋಗವನ್ನೂ ಎಳೆದೊಯ್ದಂತೆ.

ಎಲ್ಲಿ ಬೇಡ

ಖಾನಾಪುರದ ಪಶ್ಚಿಮ ಭಾಗ, ಯಮಕನಮರಡಿಯ ಗುಡ್ಡದ ಬದಿ ಮೊದಲಾದ, ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಸ್ಥಳಗಳಲ್ಲಿ ಪೇಟೆಗಾಗಿ ದಾಳಿಂಬೆ ಬೆಳೆಯುವುದು ಲಾಭದ ಮಾತಲ್ಲ. ಮನೆಯ ಬಳಕೆಗೆ ಒಂದೆರಡು ಗಿಡ ಬೇಕಾದವರು ಬಿಸಿಲು ಬೀಳುವ ಗೋಡೆಯ ಬದಿಗೆ, ಮಾಡಿನ ನೀರು ಬೀಳದಂತೆ, ಏರಿಸಿದ ಮಣ್ಣಿನ ಮೇಲೆ ನೆಡಬಹುದು. ಮಳೆಗಾಲದ ಹೂ ಚಿವುಟಿ, ಮಳೆ ನಿಂತ ಮೇಲಿನ ಹೂವನ್ನು ಮಾತ್ರ ಬಿಟ್ಟರೆ ಮಕ್ಕಳ ಕೈಗೆ ಹಣ್ಣು ಸಿಕ್ಕೀತು.

ಬಯಲಿನ ಭಾಗದಲ್ಲಿಯೂ ಮೊದಲ ಸಲ ಹಚ್ಚುವವರು ಅರ್ಧ ಎಕರೆಗಿಂತ ಹೆಚ್ಚು ಹಚ್ಚದೆ, ಒಂದು ಬಹಾರ ಕಂಡು ಮುಂದುವರಿಯಬೇಕು. ಇರುವ ಕಬ್ಬನ್ನೆಲ್ಲ ಕಿತ್ತು ದಾಳಿಂಬೆಗೆ ಇಳಿಯುವುದು ಜೂಜಾಗುತ್ತದೆ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರಿಗೆ ಮಳೆಗಾಲದಲ್ಲಿಯೇ ಹೊಲ ತೋರಿಸಿ ಸಲಹೆ ಪಡೆಯುವುದು ಉತ್ತಮ.

ತಿಂಗಳವಾರು ಕೆಲಸಗಳು

ಜೂನ್–ಆಗಸ್ಟ್: ವಿಶ್ರಾಂತಿ. ಹೂ ಚಿವುಟುವುದು, ಬಸಿಗಾಲುವೆ ಹೂಳು ತೆಗೆಯುವುದು, ಬೋರ್ಡೋ ಸಿಂಪರಣೆ.

ಸೆಪ್ಟೆಂಬರ್: ಹನಿ ನೀರು ಬಂದ್. ಗೊಬ್ಬರ ಸಿದ್ಧತೆ. ಮಳೆಯ ಲಕ್ಷಣ ನೋಡುವುದು.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ: ಚಾಟ್ನಿ, ಎಲೆ ಉದುರಿಸುವುದು, ಕಸ ಸುಡುವುದು, ಗೊಬ್ಬರ, ಮೊದಲ ನೀರು.

ನವೆಂಬರ್–ಡಿಸೆಂಬರ್: ಹೂ, ಮಿಡಿ. ಜೇನ್ನೊಣ ಓಡಾಡುವ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಬಾರದು. ಹೆಚ್ಚಾದ ಮಿಡಿ ತೆಗೆಯುವುದು.

ಜನವರಿ–ಮಾರ್ಚ್: ಸಮನಾದ ನೀರು, ಕಂತಿನ ಗೊಬ್ಬರ, ಬೋರಾನ್, ಚೀಲ ಕಟ್ಟುವುದು.

ಏಪ್ರಿಲ್–ಮೇ: ಕೊಯ್ಲು. ಅಡ್ಡಮಳೆಯ ಮೋಡ ಕಂಡಲ್ಲಿ ಬಲಿತ ಹಣ್ಣನ್ನು ತಡಮಾಡದೆ ಕೀಳುವುದು.

ಮಳೆಯನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಮಳೆ ಬರುವಾಗ ಗಿಡದ ಮೇಲೆ ಕಾಯಿ ಇರಬೇಕೋ ಬೇಡವೋ, ಬೇರು ನೀರಿನಲ್ಲಿ ಇರಬೇಕೋ ಬೋದಿನ ಮೇಲಿರಬೇಕೋ ಎಂಬುದು ರೈತನ ಕೈಯಲ್ಲಿದೆ. ಗುಂಡಿ ತೋಡಿ ನೆಲ ನೋಡಿ, ತಾಯಿ ತೋಟ ನೋಡಿ ಸಸಿ ತಂದು, ಮಳೆಗಾಲವನ್ನು ವಿಶ್ರಾಂತಿಗೆ ಬಿಟ್ಟು ಹಸ್ತ ಬಹಾರ ಹಿಡಿದಲ್ಲಿ ಘಟಪ್ರಭೆಯ ಸೀಮೆಯ ಮಸಾರಿ ಹೊಲಗಳಲ್ಲಿ ದಾಳಿಂಬೆಯನ್ನು ಬೆಳೆಯಬಹುದು. ಈ ಮೂರರಲ್ಲಿ ಒಂದು ತಪ್ಪುವಂತಿದ್ದರೂ ಆ ಹೊಲಕ್ಕೆ ಬೇರೆ ಬೆಳೆಯನ್ನು ಆರಿಸಿಕೊಳ್ಳುವುದೇ ಕ್ಷೇಮ.